ಕೂಗದ ಹುಂಜ

ಸಂಕ್ರಾಂತಿಯಲ್ಲಿ ಕೋಳಿ ಅಂಕ ನಡೆಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ ಪತಿರಾಜುವಿಗೆ ಭೀಮವರದ ಕೋರ್ಟಿನಲ್ಲಿ ಒಬ್ಬ ವಕೀಲರು ಬೇಕಾಗಿತ್ತು. ನಲವತ್ತು ವರ್ಷ ಅಂಕದ ಹುಂಜಗಳನ್ನೇ ಆರಿಸಿದ್ದ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಹೆಂಡತಿಯ ಜೊತೆ ಕೋರ್ಟಿನ ಬೇವಿನ ಮರದಡಿ ಕೂತು, ಬಂದುಹೋಗುವ ಕರಿಕೋಟುಗಳ ಕತ್ತು, ಕಾಲು, ನಡಿಗೆಯನ್ನೆಲ್ಲ ಕಣ್ಣಲ್ಲೇ ಅಳೆದ.

"ರೀ, ಆ ದಪ್ಪಗಿನವರು ಎಷ್ಟು ಜೋರಾಗಿ ಮಾತಾಡ್ತಾರೆ ನೋಡ್ರಿ," ಅಂದಳು ಹೆಂಡತಿ ಮಂಗತಾಯಾರು.

"ಥೂ, ನಿನಗೇನೇ ಗೊತ್ತು? ಕಣಕ್ಕಿಳಿಯೋ ಮೊದಲೇ ಕೂಗೋ ಹುಂಜ ಓಡಿಹೋಗುತ್ತೆ. ಆ ಮೂಲೇಲಿ ಕೂತಿರೋ ಸೋಮಯಾಜುಲು ಅವರನ್ನ ನೋಡು. ಒಣಕಲು ಕಾಲು, ಕೆಂಗಣ್ಣು, ತುಟಿ ಪಿಟಕ್ ಅನ್ನಲ್ಲ. ಇಂಥದ್ದು ಹೊಡೆಯೋದು ಒಂದೇ ಏಟು. ಅಲ್ಲಿಗೆ ಆಟ ಮುಗೀತು!"

ವಿಚಾರಣೆಯ ದಿನ ಸರ್ಕಾರಿ ವಕೀಲರು ಗಂಟಲು ಹರಿಯುವಂತೆ ಕೂಗಿದರು. ಸೋಮಯಾಜುಲು ಕಮಕ್ ಕಿಮಕ್ ಎನ್ನಲಿಲ್ಲ. ಪತಿರಾಜು ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ. ಕೊನೆಗೆ ಸೋಮಯಾಜುಲು ಮೆಲ್ಲಗೆ ಎದ್ದರು.

"ತಪ್ಪು ಒಪ್ಪಿಕೊಳ್ತೀವಿ ಸ್ವಾಮಿ," ಎಂದು ಹೇಳಿ ಕೂತುಬಿಟ್ಟರು.

"ನೀವಂದಂಗೇ ಒಂದೇ ಏಟು," ಅಂದಳು ಮಂಗತಾಯಾರು. "ಆದ್ರೆ ಹುಂಜ ಸಾಕಿದವನಿಗೇ ಬಿತ್ತಲ್ರೀ!"