ಅತ್ತೆ ಇಳಿದ ಮೆಟ್ಟಿಲು

"ಎರಡೂ ಬೀಗದ ಕೈ ನೀನೇ ತಗೊಂಡು ಬಂದ್ರೆ ನಾನು ಎಲ್ಲಿಗೆ ಹೋಗ್ಲಿ, ಹೇಳು?"

ಅತ್ತೆ ಆಫೀಸಿನ ಬಾಗಿಲಲ್ಲೇ ನಿಂತು ಕೇಳಿದರು. ಕೈಯಲ್ಲಿ ತರಕಾರಿ ಚೀಲ, ಹಣೆ ತುಂಬ ಬೆವರು. ಒಳಗಿದ್ದವರೆಲ್ಲ ಪರದೆಗಳಿಂದ ಕತ್ತೆತ್ತಿ ನೋಡಿದರು. ಸೊಸೆ ಬ್ಯಾಗಿಗೆ ಕೈ ಹಾಕಿದಳು. ಎರಡು ಗೊಂಚಲೂ ಒಂದಕ್ಕೊಂದು ಸಿಕ್ಕಿಕೊಂಡು ಅಲ್ಲೇ ಬಿದ್ದಿದ್ದವು. ಇವತ್ತೇ ಆಗಬೇಕಿತ್ತೇ ಇದು ಎಂದು ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂದು ಗೊಂಚಲು ಬಿಡಿಸಿ ಚಾಚಿದಳು.

"ಈ ಬಿಸಿಲಲ್ಲಿ ಈಗ್ಲೇ ವಾಪಸ್ಸಾ? ಬಸ್ಸಲ್ಲಿ ನಿಂತ್ಕೊಂಡೇ ಬಂದಿದೀನಿ. ಸ್ವಲ್ಪ ಹೊತ್ತು ಕಳೀಲಿ" ಎಂದು ಅತ್ತೆ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟರು.

ಆಟ ಆಡಿ ನೋಡುವುದು ಸೊಸೆಯ ಕೆಲಸ. ಕಂಪನಿ ಮಾಡಿದ ವಿಡಿಯೋ ಗೇಮ್ ಜನರ ಕೈಗೆ ಹೋಗುವ ಮೊದಲು ಅದು ಎಲ್ಲಿ ಕೆಡುತ್ತದೆ ಎಂದು ಹುಡುಕಬೇಕು. ಮೊದಲು ಬಂದ ದೊಡ್ಡ ಆಟದಲ್ಲಿ ಒಬ್ಬ ಅಣ್ಣ ಆಕಾಶದಲ್ಲಿ ಹಾರಾಡುತ್ತ ಇಡೀ ನಗರವನ್ನು ಕಾಯುತ್ತಿದ್ದ. ಅದು ಚೆನ್ನಾಗಿ ಓಡಿತೆಂದು ಈಗ ಅದೇ ನಗರವನ್ನಿಟ್ಟುಕೊಂಡು, ಅಣ್ಣ ಊರಲ್ಲಿಲ್ಲದ ಒಂದು ದಿನ ತಂಗಿ ಊರು ಕಾಯುವ ಪುಟ್ಟ ಆಟ. ಆರು ವಾರದಿಂದ ಸೊಸೆ ಆ ತಂಗಿಯನ್ನು ಹಾರಿಸಿದ್ದೇ ಹಾರಿಸಿದ್ದು. ಸಂಜೆ ಐದಕ್ಕೆ ಆಟ ಹೊರಗೆ ಹೋಗಬೇಕು. ಅದಕ್ಕೆ ಮುಂಚೆ, ಎಲ್ಲ ಸರಿಯಿದೆ ಎಂಬ ಕಾಗದಕ್ಕೆ ಅವಳ ಸಹಿ ಬೀಳಬೇಕು.

ಕಳೆದ ಸಲ ಅವಳು ಸಹಿ ಮಾಡಿದ ಆಟದಲ್ಲಿ ಒಂದು ಆಸ್ಪತ್ರೆಯ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಆಡಿದವರೆಲ್ಲ ಕಂಪನಿಯ ಜನ್ಮ ಜಾಲಾಡಿದ್ದರು. "ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ" ಎಂದು ಮ್ಯಾನೇಜರು ಹೇಳಿಯಾಗಿತ್ತು. ಅದೇ ಮ್ಯಾನೇಜರು ಬೆಳಿಗ್ಗೆಯಿಂದ ಗಂಟೆಗೆ ಮೂರು ಸಲ ಬಂದು "ಸಹಿ ಆಯ್ತಾ?" ಎನ್ನುತ್ತಿದ್ದರು. ಚೆನ್ನಾಗಿ ನೋಡಿ ಅನ್ನುವವರೂ ಇವರೇ, ನೋಡಿದ್ದು ಸಾಕು ಅನ್ನುವವರೂ ಇವರೇ.

"ಇದಕ್ಕೆ ಸಂಬಳ ಕೊಡ್ತಾರಾ?" ಅತ್ತೆ ಕೇಳಿದರು.

"ಕೊಡ್ತಾರೆ ಅತ್ತೆ."

"ಪೂರ್ತಿ?"

ಸೊಸೆ ಹಲ್ಲು ಕಚ್ಚಿಕೊಂಡಳು. ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ ಪಕ್ಕದ ಯಂತ್ರದ ರಿಮೋಟನ್ನು ಅವರ ಕೈಗಿಟ್ಟಳು. "ಇದು ಒತ್ತಿದ್ರೆ ನಡೀತಾಳೆ, ಇದು ಒತ್ತಿದ್ರೆ ಹಾರ್ತಾಳೆ. ಹಾರಿಸ್ತಾ ಇರಿ."

"ಎಲ್ಲಿಂದ?"

"ಅದೇ, ಆ ಕಟ್ಟಡದ ತುದಿಯಿಂದ. ಆಟ ಅಲ್ಲಿಂದಾನೇ ಶುರು."

"ಅಷ್ಟು ಎತ್ತರದಿಂದಾನಾ! ಹಿಂದೆ ಬಾಗಿಲಿದೆಯಲ್ಲೇ, ಮೆಟ್ಟಿಲೂ ಕಾಣ್ತಿದೆ."

"ಅದು ಸುಮ್ನೆ ಇರೋದು ಅತ್ತೆ. ಅಲ್ಲಿ ಯಾರೂ ಇಳಿಯಲ್ಲ."

"ಯಾರೂ ಇಳೀದೇ ಇದ್ರೆ ಯಾಕೆ ಕಟ್ಟಿದ್ರು?"

ಸೊಸೆ ತನ್ನ ಪರದೆಯತ್ತ ತಿರುಗಿದಳು. ಪಕ್ಕದಲ್ಲಿ ಅತ್ತೆ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು: "ನಿಧಾನ ಮಗಳೇ, ಕತ್ತಲಿದೆ... ಗೋಡೆ ಹಿಡ್ಕೋ... ಬೆಳಿಗ್ಗೆಯಿಂದ ಏನಾದ್ರೂ ತಿಂದಿದಾಳೋ ಇಲ್ವೋ ಪಾಪ." ಅರ್ಧ ಗಂಟೆ ಹೀಗೇ ಹೋಯಿತು. ಆಮೇಲೆ ದನಿ ಬದಲಾಯಿತು. "ಇಲ್ನೋಡೇ, ನಿನ್ನ ಹುಡುಗಿ ನೆಲದೊಳಗೆ ಹೋದ್ಲು."

ನೋಡಿದರೆ ಪರದೆ ಕಪ್ಪು. ಮತ್ತೆ ಬೆಳಕು ಬಂದಾಗ "ಹೊಸ ಆಟ ಆರಂಭಿಸಿ" ಎಂಬ ಒಂದೇ ಸಾಲು. ಆರು ವಾರ ಆಡಿ ಉಳಿಸಿಟ್ಟಿದ್ದೆಲ್ಲ ಅಳಿಸಿಹೋಗಿತ್ತು. ಗಂಟೆ ನಾಲ್ಕಾಗಿ ಹತ್ತು ನಿಮಿಷ.

ಬೇರೆ ಯಾರೂ ನೋಡಿರಲಿಲ್ಲ. ಹಾರಲು ಬರುವ ಹುಡುಗಿಯನ್ನು ಮೆಟ್ಟಿಲು ಇಳಿಸುವವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರು? ಒಬ್ಬರು. ಅವರೂ ಬೀಗದ ಕೈಗೆಂದು ಬಂದವರು. ಅವಳು ಪೆನ್ನು ಕೈಗೆ ತೆಗೆದುಕೊಂಡಳು.

"ನಾನೇನಾದ್ರೂ ಕೆಡಿಸಿಬಿಟ್ನೇನೇ?" ಅತ್ತೆ ಸಣ್ಣ ದನಿಯಲ್ಲಿ ಕೇಳಿದರು. ರಿಮೋಟನ್ನು ಮೇಜಿನ ಮೇಲಿಟ್ಟು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು.

ಮನೆಯಲ್ಲಿ ಒಂದು ದಿನವೂ ತಮ್ಮದು ತಪ್ಪೆಂದು ಒಪ್ಪದ ಅತ್ತೆ! ಸೊಸೆಗೆ ಕೋಪವೂ ಬಂತು, ಪಾಪವೂ ಅನ್ನಿಸಿತು. "ಇಲ್ಲ ಅತ್ತೆ, ನಿಮ್ಮಿಂದ ಕೆಟ್ಟಿಲ್ಲ. ಅದು ಮೊದಲೇ ಕೆಟ್ಟಿತ್ತು" ಎಂದಳು. ಬಾಯಿಬಿಟ್ಟು ಹಾಗೆ ಹೇಳಿದ ಮೇಲೆ ಸಹಿ ಹಾಕುವುದು ಹೇಗೆ? ಪೆನ್ನು ಕೆಳಗಿಟ್ಟು ಪ್ರೋಗ್ರಾಮರನ್ನು ಕರೆದಳು.

ಅವನಿಗೆ ಆಫೀಸಿನಲ್ಲಿ 'ನನ್ಹತ್ರ ಸರಿಯಿದೆ' ಎಂದೇ ಹೆಸರು. ಯಾವ ತಪ್ಪು ತೋರಿಸಿದರೂ ತನ್ನ ಯಂತ್ರದಲ್ಲಿ ಆಡಿ ನೋಡಿ ಅದನ್ನೇ ಹೇಳುತ್ತಿದ್ದ. ಈಗಲೂ ದಡದಡನೆ ಮೂರು ಸಲ ಮೆಟ್ಟಿಲು ಇಳಿಸಿದ. ಹುಡುಗಿ ಮೂರು ಸಲವೂ ಬೀದಿಗೆ ಬಂದು ನಿಂತಳು. "ನನ್ಹತ್ರ ಸರಿಯಿದೆ."

ಸೊಸೆಯೂ ಇಳಿಸಿದಳು. ಏನೂ ಆಗಲಿಲ್ಲ. ಮತ್ತೆ ಇಳಿಸಿದಳು. ಮ್ಯಾನೇಜರು ಬಂದು ಬೆನ್ನ ಹಿಂದೆ ನಿಂತರು. "ಆಗದೇ ಇರೋದನ್ನ ಆಯ್ತು ಅಂತ ಕೂತ್ಕೊಂಡ್ರೆ ಹೇಗ್ರೀ? ಸಹಿ ಹಾಕಿ. ಇಪ್ಪತ್ತು ನಿಮಿಷ ಇದೆ."

"ಆಯ್ತು ಸರ್, ನನ್ನ ಕಣ್ಣಾರೆ ನೋಡಿದೀನಿ." ಸಿಟ್ಟಿಗೆ ಅವಳ ಕಣ್ಣಲ್ಲಿ ನೀರೇ ಬಂತು.

"ಅಲ್ಲಪ್ಪಾ," ಅತ್ತೆ ಬಾಯಿ ಹಾಕಿದರು, "ಅಟ್ಟಿಸಿಕೊಂಡು ಬಂದವರ ಹಾಗೆ ಓಡಿಸ್ತಿದೀರಲ್ಲ ಅವಳನ್ನ. ನಾನು ಮಧ್ಯೆ ಮಧ್ಯೆ ನಿಲ್ಲಿಸ್ತಿದ್ದೆ."

ಸೊಸೆ ತಟ್ಟನೆ ತಿರುಗಿದಳು. "ನಿಲ್ಲಿಸಿದ್ರಾ? ಯಾಕೆ?"

"ಉಸಿರು ತಗೊಳ್ಳಲಿ ಅಂತ."

ಆರು ವಾರದಲ್ಲಿ ಯಾರೊಬ್ಬರೂ ಆಟದ ಹುಡುಗಿಯನ್ನು ಸುಮ್ಮನೆ ನಿಲ್ಲಿಸಿರಲಿಲ್ಲ. ಪ್ರೋಗ್ರಾಮರ್ ತನ್ನ ಕುರ್ಚಿಯನ್ನು ಅತ್ತೆಗೆ ಬಿಟ್ಟುಕೊಟ್ಟು, ರಿಮೋಟನ್ನು ಅವರ ಕೈಗಿತ್ತ. "ಅಮ್ಮ, ಆಗ ಹೇಗೆ ಮಾಡಿದ್ರೋ ಹಾಗೇ ಮಾಡಿ." ಅತ್ತೆ ಹುಡುಗಿಯನ್ನು ಇಳಿಸಿದರು, ನಿಲ್ಲಿಸಿದರು, ಇಳಿಸಿದರು. ಗಡಿಯಾರ ನಾಲ್ಕು ಮುಕ್ಕಾಲು ದಾಟಿತು. ಕೆಳಗಿನಿಂದ ಆರನೇ ಮಹಡಿಯಲ್ಲಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹೆಜ್ಜೆ ಇಡಿಸಿದರು. ಹುಡುಗಿ ಮೊಣಕಾಲವರೆಗೆ, ಸೊಂಟದವರೆಗೆ, ಕತ್ತಿನವರೆಗೆ ನೆಲದೊಳಗೆ ಇಳಿದುಹೋದಳು. ಪರದೆ ಕಪ್ಪಾಯಿತು. ಈ ಸಲ ಅಳಿಸಿಹೋದದ್ದು ಪ್ರೋಗ್ರಾಮರನ ಆಟ.

ಅವನು "ನನ್ಹತ್ರ..." ಎಂದು ಶುರುಮಾಡಿ ಬಾಯಿ ಮುಚ್ಚಿದ.

ಮ್ಯಾನೇಜರು ಕಾಗದದ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. ಅವಳು ಪೆನ್ನು ಮುಟ್ಟಲಿಲ್ಲ. ಅವರು ಫೋನ್ ಕಿವಿಗಿಟ್ಟು ಹೊರಗೆ ನಡೆದರು. ಅರ್ಧ ತೆರೆದ ಬಾಗಿಲಿನಿಂದ ದನಿ ಕೇಳುತ್ತಿತ್ತು. "ಇವತ್ತು ಆಗಲ್ಲ ಸರ್... ಗೊತ್ತು ಸರ್... ನಮ್ಮ ಟೆಸ್ಟರ್ ಸಹಿ ಹಾಕ್ತಿಲ್ಲ... ಇಲ್ಲ ಸರ್, ಅವರು ಹಾಕದೇ ನಾನೂ ಆಟ ಹೊರಗೆ ಬಿಡಲ್ಲ."

ಒಳಗೆ ಎಲ್ಲರೂ ಗೊಣಗಿದರು. ಶನಿವಾರದ ರಜೆ ಹೋಯಿತು, ಭಾನುವಾರದ್ದೂ ಹೋಯಿತು. ಯಾರೋ ಮನೆಗೆ ಫೋನ್ ಮಾಡಿ ಬೈಸಿಕೊಂಡರು. ಆ ಕಟ್ಟಡಕ್ಕೆ ಮೂವತ್ತೆರಡು ಮಹಡಿ. ಇನ್ನು ಒಂದೊಂದರಲ್ಲೂ ನಿಂತು ನೋಡಬೇಕು. ಸೊಸೆ ಮಹಡಿಗಳನ್ನು ಹಂಚಿಕೊಟ್ಟಳು. ಅತ್ತೆಯೂ ಕೈಚಾಚಿ ತಮ್ಮ ಪಾಲಿಗೆ ನಾಲ್ಕು ತೆಗೆದುಕೊಂಡರು.

ಎಲ್ಲರೂ ತಮ್ಮ ತಮ್ಮ ಯಂತ್ರಕ್ಕೆ ಹಿಂತಿರುಗಿದರು. ಸಾಲು ಪರದೆಗಳಲ್ಲಿ, ಒಂದೊಂದು ಮಹಡಿಯಲ್ಲಿ ಒಬ್ಬೊಬ್ಬಳಂತೆ, ಅದೇ ಹುಡುಗಿ ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದಳು.