ಅರ್ಥ ಬೇಡ, ಪದ್ಯ ಓದಿ

“ರೀ, ಕುರಿಗಳ ಉಣ್ಣೆ ಕತ್ತರಿಸೋದನ್ನ ಯಾವತ್ತಾದ್ರೂ ನೋಡಿದ್ದೀರಾ?”

ಚರ್ಚಿನ ಸಭಾಪಾಲಕರು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಊಟದ ನಡುವೆ ಕೇಳುವ ಪ್ರಶ್ನೆಯೇ ಇದು?

“ಯಾಕೆ?”

“ಕತ್ತರಿಸಿ ನೀರಲ್ಲಿ ತೊಳೆದ್ರೆ ಕುರಿಗಳು ಬೆಳ್ಳಗೆ ಸಾಲಾಗಿ ಮೇಲೆ ಬರ್ತಾವಂತೆ. ಅದಕ್ಕೇ ಆ ಹಾಡಲ್ಲಿ ಹುಡುಗ ತನ್ನ ಹುಡುಗಿಯ ಹಲ್ಲು ಹಾಗಿದೆ ಅಂತ ಹಾಡ್ತಾನೆ. ಅಷ್ಟೇ ಅಂತೆ. ಮೇಷ್ಟ್ರು ಹೇಳಿದ್ರು.”

ಮೇಷ್ಟ್ರು ಹೇಳಿದ್ರು! ಈ ಮಾತು ತಿಂಗಳಿಂದ ಅವರ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಮೇಷ್ಟ್ರು ಎಂದರೆ ಗುರುವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಸತ್ಯವೇದದ ಪಾಠ ಮಾಡಲು ಬರುತ್ತಿದ್ದ, ನಿನ್ನೆ ಮೊನ್ನೆ ಕಾಲೇಜು ಸೇರಿದ ಉಪನ್ಯಾಸಕ. ಕರೆಸಿದವರು ಸಭಾಪಾಲಕರೇ. ಹೊಸಬರು ಏನು ಹೇಳುತ್ತಾರೋ ಜನ ಕೇಳಲಿ ಎಂದು ದೊಡ್ಡ ಮನಸ್ಸು ಮಾಡಿದ್ದರು. ಅವನು ಹೋಗಿ ಹೋಗಿ ಹಳೆಯ ಒಡಂಬಡಿಕೆಯ ಪ್ರೇಮಗೀತೆಗೇ ಕೈ ಹಾಕಬೇಕೇ? ಅದು ಅವರ ಸ್ವಂತ ಹೊಲದಂತಿತ್ತು.

“ಅಷ್ಟೇ ಅಂತೆ ಅಂದ್ರೇನೇ? ಹುಡುಗ ಅಂದ್ರೆ ಕ್ರಿಸ್ತ, ಹುಡುಗಿ ಅಂದ್ರೆ ಸಭೆ. ಹಲ್ಲು ಅಂದ್ರೆ ಬೋಧಕರು, ವಚನವನ್ನ ಅಗಿದು ಸಭೆಗೆ ಉಣಿಸೋರು. ಪುರಾತನರು ಸುಮ್ನೆ ಹೇಳಿದ್ರಾ?”

“ನೀವೂ ಹೇಳಿದ್ದೀರಲ್ಲ,” ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೊಟ್ಟೆಕಿಚ್ಚಿಗೆ ಇನ್ನೊಂದು ಹೆಸರಿಲ್ಲ. ಅವರಿಗೆ ಹೊಟ್ಟೆಕಿಚ್ಚೇ ಆಗಿತ್ತು. ಆ ಉಪನ್ಯಾಸಕ ಅವಳ ಮಗನ ವಯಸ್ಸಿನವನು, ಅನುಮಾನ ಪಡುವಷ್ಟು ದಡ್ಡರು ಇವರಲ್ಲ. ಉರಿಯುತ್ತಿದ್ದದ್ದು ಅವಳು ಕೇಳುವ ರೀತಿಗೆ. ಭಾನುವಾರ ಚರ್ಚಿನಲ್ಲಿ ಇವರು ಪ್ರಸಂಗ ಮಾಡುವ ಹೊತ್ತಿನಲ್ಲಿ ಅವಳು ಯಾರು ಬಂದಿಲ್ಲ, ಯಾರ ಮಗು ಅಳುತ್ತಿದೆ ಎಂದು ನೋಡುತ್ತಿದ್ದಳು. ಈಗ ಗುರುವಾರ ಬಂತೆಂದರೆ ಮಧ್ಯಾಹ್ನವೇ ಪಾತ್ರೆ ತೊಳೆದಿಟ್ಟು, ಪೆನ್ಸಿಲ್ ಚೂಪು ಮಾಡಿಕೊಂಡು, ಮುಂದಿನ ಬೆಂಚು ಹಿಡಿಯಲು ಓಡುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಆ ಗುರುವಾರ ಅವರೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಎಲ್ಲಿಯಾದರೂ ತಪ್ಪಿ ಬೀಳಲಿ, ಆಮೇಲೆ ನೋಡಿಕೊಳ್ಳೋಣ ಎಂಬ ಹೊಂಚು. ಅವನೋ, ತಪ್ಪೇ ಮಾಡಲಿಲ್ಲ. ಈ ಹಾಡನ್ನು ಮೊದಲು ಯಾರು ಹಾಡಿರಬಹುದು, ಯಾವ ಮದುವೆಯಲ್ಲಿ, ಹೆಣ್ಣು ಇಲ್ಲಿ ಎಷ್ಟು ಧೈರ್ಯವಾಗಿ ಮಾತಾಡುತ್ತಾಳೆ ಎಂದು ಹೇಳುತ್ತ ಹೋದ. ಹೆಂಡತಿಯ ಪೆನ್ಸಿಲ್ ಓಡುತ್ತಲೇ ಇತ್ತು.

ಸಭಾಪಾಲಕರು ಎದ್ದು ನಿಂತರು. “ಹಾಗಾದ್ರೆ ನಮ್ಮ ಹಿರಿಯರೆಲ್ಲ ಮೂರ್ಖರೋ?”

“ಖಂಡಿತ ಅಲ್ಲ, ಅಯ್ಯನವರೇ. ಈ ಹಾಡನ್ನ ಬಿಡೋಕೆ ಮನಸ್ಸಾಗದೆ ದೇವರನ್ನೇ ಇದರೊಳಗೆ ಕರ್ಕೊಂಡು ಬಂದೋರು ಅವರು. ನಮ್ಮ ಕೈಲಿ ಅದಾಗಲ್ಲ.” ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವರಿಗೆ ಇನ್ನಷ್ಟು ಉರಿಯಿತು. “ನೀವೇ ಬಂದಿದ್ದೀರಿ. ನಾಲ್ಕನೇ ಅಧ್ಯಾಯದ ಶುರು ನೀವೇ ಓದಿ. ಇವತ್ತು ಅರ್ಥ ಬೇಡ, ಬರೀ ಪದ್ಯ.”

ಪಕ್ಕದವರು ಸತ್ಯವೇದ ಮುಂದೆ ಹಿಡಿದರು. “ಪುಸ್ತಕ ನಿಮಗಿರಲಿ. ನನಗೆ ಬಾಯಿಪಾಠ,” ಎಂದು ಅವರು ಕಣ್ಣು ಮುಚ್ಚಿ ಗಂಭೀರವಾಗಿ ಶುರು ಮಾಡಿದರು. “ನಿನ್ನ ಹಲ್ಲುಗಳು ವಚನವನ್ನು ಅಗಿಯುವ ಬೋಧಕರು. ನಿನ್ನ ಕೊರಳು ಅಲುಗದ ವಿಶ್ವಾಸ. ನಿನ್ನ ತುಟಿ...”

ಯಾರೋ ಕಿಸಕ್ಕೆಂದರು. ಸಭಾಪಾಲಕರು ಕಣ್ಣು ಬಿಟ್ಟರು. ಹಲ್ಲಿನ ಜಾಗದಲ್ಲಿ ಏನಿತ್ತು? ಕುರಿ. ಕುರಿಯಾದ ಮೇಲೆ? ಎಷ್ಟು ತಡಕಿದರೂ ಪದ್ಯ ಸಿಗಲಿಲ್ಲ. ತಾವು ಬರೆದ ಪ್ರಸಂಗಗಳೇ ಒಂದರ ಹಿಂದೊಂದು ಬಂದು ನಿಂತವು.

ಆಗ ಮುಂದಿನ ಬೆಂಚಿನಿಂದ ಪದ್ಯ ಕೇಳಿಸಿತು. ಹೆಂಡತಿ ಪುಸ್ತಕ ಮಡಿಸಿಟ್ಟು, ತಲೆ ತಗ್ಗಿಸಿ, ಕಣ್ಣಿನಿಂದ ಹಲ್ಲಿಗೆ, ಹಲ್ಲಿನಿಂದ ತುಟಿಗೆ, ಕೊರಳಿಗೆ ಒಂದಕ್ಷರ ತಡವರಿಸದೆ ಹೇಳಿಕೊಂಡು ಹೋದಳು. ಮೈತುಂಬ ಪ್ರೀತಿಸಿಕೊಂಡ ಹೆಂಗಸು ಹೇಳುವ ಹಾಗಿತ್ತು.

“ಅಮ್ಮಾ, ಇದನ್ನ ಯಾವಾಗ ಕಲಿತ್ರಿ?” ಉಪನ್ಯಾಸಕ ಬೆರಗಾಗಿ ಕೇಳಿದ.

“ಹಳೇದು, ಬಿಡಿ,” ಎಂದಳು.

ಪಾಠ ಮುಗಿದು ಜನ ಚದುರುವವರೆಗೂ ಸಭಾಪಾಲಕರು ಹೊರಗಿನ ಮೆಟ್ಟಿಲ ಮೇಲೆ ಕುದಿಯುತ್ತ ನಿಂತಿದ್ದರು. ಅವನಲ್ಲವೆಂದರೆ ಮತ್ತೆ ಯಾರು? ಇಷ್ಟು ವರ್ಷ ತಮಗೆ ಗೊತ್ತಿಲ್ಲದಂತೆ ಇಂಥದ್ದನ್ನು ಅವಳ ಎದೆಯಲ್ಲಿಟ್ಟವನು ಯಾವನು?

“ಯಾರು ಕಲಿಸಿದ್ದು?” ಅವಳು ಬರುತ್ತಲೇ ಕೇಳಿದರು.

“ಇನ್ಯಾರು, ನೀವೇ.”

“ನಾನಾ?”

“ಮದುವೆಯಾದ ಹೊಸದರಲ್ಲಿ, ಪ್ರಸಂಗ ಬರೆಯೋಕೆ ಮುಂಚೆ, ವಾರವೆಲ್ಲ ಇದನ್ನೇ ಗಟ್ಟಿಯಾಗಿ ಓದ್ತಿದ್ರಲ್ಲ. ಅಡುಗೆಮನೆಗೆ ಕೇಳಿಸ್ತಿತ್ತು. ಬಾಯಿಬಿಟ್ಟು ಹೇಳೋಕೆ ನಾಚಿಕೆ, ಅದಕ್ಕೇ ಹೀಗೆ ನನಗೆ ಓದಿ ಹೇಳ್ತಿದ್ದಾರೆ ಅಂದ್ಕೊಂಡಿದ್ದೆ.”

ಸಭಾಪಾಲಕರು ದನಿ ತಗ್ಗಿಸಿದರು. “ಓದಿದ್ದು ನಿನಗಲ್ಲ ಅಂತ ಯಾವಾಗ ಗೊತ್ತಾಯ್ತು?”

“ಆ ಭಾನುವಾರವೇ. ಪ್ರಸಂಗ ಕೇಳಿದಾಗ.”

ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳತೊಡಗಿದಳು. ಬಕಲ್ ಸಿಗಲಿಲ್ಲ. ಆಯ ತಪ್ಪದಿರಲೆಂದು ಒಂದು ಕೈಯನ್ನು ಗಂಡನ ಭುಜದ ಮೇಲಿಟ್ಟಳು. ಅವರು ಉಸಿರೂ ಜೋರಾಗಿ ಬಿಡದೆ, ಅವಳು ಎರಡನೆಯ ಪಟ್ಟಿಯನ್ನೂ ಹಾಕಿಕೊಳ್ಳುವವರೆಗೆ ಹಾಗೆಯೇ ನಿಂತರು.