ಒಂದು ಉಕಾರ

"ನಿಲ್ರಿ," ಎಂದು ನಾಜಿಮಾ ಕೈ ಎತ್ತಿದಳು. "ಆ ಪದ ಇನ್ನೊಂದ್ಸಲ ಹೇಳ್ರಿ."

"ಅನ್‌ಅಮ್ತು," ಎಂದಳು ಖಾಸಿಂಬಿ.

ಹೊಸದುರ್ಗದ ಆ ಮನೆಯ ಪಡಸಾಲೆಯಲ್ಲಿ ಕುರಾನು ಓದಲು ಕಲಿಯುತ್ತಿದ್ದ ಎಂಟು ಹೆಂಗಸರಲ್ಲಿ ಖಾಸಿಂಬಿಯೇ ಹಿರಿಯಳು. ಐವತ್ತೆರಡು ವರ್ಷ. ಹಾಸಿಗೆ, ದಿಂಬು ಹೊಲಿಯುವ ಪಿಂಜಾರರ ಮನೆಯವಳು, ಮನೆಮಾತು ಕನ್ನಡ. ಕಲಿಸುವ ನಾಜಿಮಾ ಮಗಳ ವಯಸ್ಸಿನವಳು, ಆದರೂ ಎಲ್ಲರಿಗೂ ಆಪಾ, ಅಂದರೆ ಅಕ್ಕ. ಯಾವ ಅಕ್ಷರ ಗಂಟಲಿನ ಆಳದಿಂದ ಬರಬೇಕು, ಯಾವುದಕ್ಕೆ ನಾಲಿಗೆಯ ತುದಿ ಹಲ್ಲಿನಾಚೆ ಇಣುಕಬೇಕು, ಎಲ್ಲಿ ಎಷ್ಟು ಎಳೆಯಬೇಕು ಎಂಬುದನ್ನೆಲ್ಲ ಖಾಸಿಂಬಿ ಎರಡು ತಿಂಗಳಿಂದ ಒದ್ದಾಡಿ ಕಲಿತಿದ್ದಳು. ಇವತ್ತು ಕುರಾನಿನ ಮೊದಲ ಅಧ್ಯಾಯ ಫಾತಿಹಾ ಒಪ್ಪಿಸುವ ಸರದಿ. ಐದು ಹೊತ್ತಿನ ನಮಾಜಿನಲ್ಲೂ ಹೇಳುವ ಸೂರಾ, ಅದಕ್ಕೇನು ಭಯ ಎಂದುಕೊಂಡೇ ಬಂದಿದ್ದಳು.

"'ತು' ಅಲ್ಲ, 'ತ'. 'ತ' ಅಂದ್ರೆ 'ನೀನು ಕರುಣೆ ತೋರಿಸ್ದೆ' ಅಂತ ಅಲ್ಲಾಹನಿಗೆ ಹೇಳಿದಂಗೆ. 'ತು' ಅಂದ್ರೆ 'ನಾನು ಕರುಣೆ ತೋರಿಸ್ದೆ' ಅಂತ ಆಗ್ತೈತೆ."

ಖಾಸಿಂಬಿ ಸೆರಗು ಎಳೆದುಕೊಂಡಳು. "ಹಂಗಾರೆ ಇಷ್ಟು ವರ್ಷ ಮಾಡಿದ ನಮಾಜು, ಆಪಾ?"

"ಗೊತ್ತಿಲ್ದೆ ಹೇಳಿದ್ದಕ್ಕೆ ಮಾಫಿ ಐತೆ, ಹೆದರ್ಬ್ಯಾಡ್ರಿ. ಈಗ ಗೊತ್ತಾತಲ್ಲ, ಇನ್ಮೇಲೆ ತಪ್ಪಬಾರ್ದು."

ಆ ಕೊನೆಯ ಮಾತೇ ಅವಳನ್ನು ಬಿಡಲಿಲ್ಲ. ಸೂರಾ ಕಲಿಸಿದವಳು ಅವ್ವ ಪೀರಮ್ಮ. ಬಾಗೂರಿನಲ್ಲಿ ಹತ್ತಿ ಹಿಂಜುತ್ತ ತನ್ನಪ್ಪ ಹೇಳುತ್ತಿದ್ದುದನ್ನು ಕಿವಿಯಿಂದಲೇ ಕಲಿತು, ಮಗಳಿಗೂ ಹಾಗೇ ಕಲಿಸಿದ್ದಳು. ಈಗ ಎಂಬತ್ತು ದಾಟಿದ ಅವಳ ಹೃದಯ ಸೋತಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ವಾರವಾಗಿತ್ತು. ಹೇಳಿದರೆ ಅವ್ವ ಈ ಭಯವನ್ನು ಹೊತ್ತೇ ಸಾಯಬೇಕು. ಹೇಳದಿದ್ದರೆ ತಿಳಿದೂ ಮುಚ್ಚಿಟ್ಟ ಪಾಪ ತನ್ನ ತಲೆಗೆ. ದಾರಿಯುದ್ದಕ್ಕೂ ಖಾಸಿಂಬಿ ಸೆರಗಿನೊಳಗೆ ತುಟಿ ಅಲುಗಿಸುತ್ತ "ತ, ತ" ಎಂದುಕೊಂಡು ನಡೆದಳು. ಒಂದೆರಡು ಸಲ ನಾಲಿಗೆ ತಾನಾಗಿಯೇ "ತು" ಎಂದಾಗ ಬೆಚ್ಚಿ ನಿಂತಳು.

ಮನೆಯಲ್ಲಿ ಪೀರಮ್ಮ ಎಚ್ಚರವಾಗಿದ್ದಳು. "ಬಂದೇನೇ? ಕುಂತ್ಕ. ಎದೆ ಹಿಡ್ದಂಗಾಗ್ತೈತೆ. ಫಾತಿಹಾ ಓದಿ ಎದೆ ಮ್ಯಾಲೆ ಊದು."

ಖಾಸಿಂಬಿ ಅವ್ವನ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಶುರುಮಾಡಿದಳು. ಆ ಪದ ಹತ್ತಿರ ಬಂದಂತೆ ದನಿ ಸಣ್ಣದಾಯಿತು. "ಅನ್‌ಅಮ್ತ..."

ಪೀರಮ್ಮ ಕಣ್ಣು ತೆರೆದಳು. "ತಪ್ಪು ಹೇಳ್ದೆ."

"ಇಲ್ಲವ್ವ..."

"'ತು' ಅನ್ನು. ಚಿಕ್ಕೋಳಿದ್ದಾಗ ಎಷ್ಟು ಸಲ ತಿದ್ದೀನಿ? ಒಂದಕ್ಷರ ತಪ್ಪಿದ್ರೂ ಮ್ಯಾಲಕ್ಕೆ ಮುಟ್ಟಲ್ಲ ಅಂತಿದ್ದ ನಮ್ಮಪ್ಪ." ಮಗಳ ಮಣಿಕಟ್ಟನ್ನು ಹಿಡಿದ ಆ ಬೆರಳುಗಳಲ್ಲಿ ಇಷ್ಟು ಬಲ ಎಲ್ಲಿತ್ತೋ. "ಹೋಗೋ ಕಾಲ್ದಾಗೆ ತಪ್ಪು ಕೇಳಿಸ್ಬ್ಯಾಡ ಕಣೇ. ನಂಗೆ ಭಯ ಆಗ್ತೈತೆ."

ಅವ್ವನ ಬಾಯಿಂದ ಆ ಮಾತನ್ನು ಖಾಸಿಂಬಿ ಎಂದೂ ಕೇಳಿರಲಿಲ್ಲ. 'ತ' ಹೊರಡಲಿಲ್ಲ, 'ತು' ಎನ್ನುವ ಧೈರ್ಯವೂ ಬರಲಿಲ್ಲ.

ಪೀರಮ್ಮ ತಾನೇ ಮೊದಲಿನಿಂದ ಹೇಳತೊಡಗಿದಳು. ಪದಕ್ಕೊಂದು ಉಸಿರು. ಎಳೆಯಬೇಕಾದಲ್ಲಿ ಎಳೆಯಲು ಉಸಿರೇ ಉಳಿದಿರಲಿಲ್ಲ. ಆ ಪದ ಬಂತು. "ತು" ಎಂದು ಒತ್ತಿ ಹೇಳಿ, ಕಲಿತುಕೋ ಎನ್ನುವಂತೆ ಮಗಳ ಕಡೆ ನೋಡಿದಳು. ಯಾರೋ ನಿಂತು ಕೇಳಿಸಿಕೊಂಡರೇನೋ ಎಂಬಂತೆ ಖಾಸಿಂಬಿಯ ಕಣ್ಣು ಬಾಗಿಲಿಗೆ ಹೋಯಿತು. ಬಾಗಿಲಲ್ಲಿ ಸಂಜೆಯ ಬಿಸಿಲಷ್ಟೇ ಇತ್ತು.

ಸೂರಾ ಮುಗಿಸಿ ಪೀರಮ್ಮ ಕೇಳಿದವರು ಹೇಳುವ 'ಸ್ವೀಕರಿಸು' ಎಂಬ ಮಾತಿಗಾಗಿ ಮಗಳ ಮುಖ ನೋಡುತ್ತ ಕಾದಳು.

"ಆಮೀನ್," ಎಂದಳು ಖಾಸಿಂಬಿ, ಗಟ್ಟಿಯಾಗಿ.

ಮಣಿಕಟ್ಟಿನ ಹಿಡಿತ ಸಡಿಲವಾಯಿತು. ಖಾಸಿಂಬಿ ಚಮಚದಲ್ಲಿ ನೀರು ತೆಗೆದುಕೊಂಡು, ಅವ್ವನ ಒಣಗಿದ ತುಟಿಗಳ ನಡುವೆ ಹನಿಹನಿಯಾಗಿ ಬಿಟ್ಟಳು.